ಕಳ್ಳನೆನಿಸಿಕೊಂಡ ಕಾವಲುಗಾರ

ಮನೆಗೆ ಕನ್ನ ಬಿದ್ದ ರಾತ್ರಿ ಅಂಗಳದಲ್ಲಿ ಸಿಕ್ಕವನನ್ನೇ ಕಳ್ಳನೆಂದು ಹಿಡಿದು ಕಟ್ಟಿಹಾಕಿದರಂತೆ. ಬೆಳಗಾದ ಮೇಲೆ ನೋಡಿದರೆ ಅವನು ಕಾವಲುಗಾರ! ಇಂಥದೇ ಪ್ರಸಂಗ ವಿಜ್ಞಾನದಲ್ಲೂ ನಡೆದಿದೆ. ಅಲ್ಲಿ ಬೆಳಗಾಗಲು ಹತ್ತು ವರ್ಷ ಬೇಕಾಯಿತು.

1979ರಲ್ಲಿ ಲಂಡನ್ನಿನ ಡೇವಿಡ್ ಲೇನ್ ಮತ್ತು ಲಯನೆಲ್ ಕ್ರಾಫರ್ಡ್ ಅವರು ಎಸ್.ವಿ.-40 ಎಂಬ ಮಂಗಗಳ ವೈರಸ್ಸನ್ನು ಅಭ್ಯಸಿಸುತ್ತಿದ್ದರು. ಪ್ರಯೋಗಶಾಲೆಯ ಪ್ರಾಣಿಗಳಲ್ಲಿ ಅದು ಗಡ್ಡೆ ಬೆಳೆಸುತ್ತಿತ್ತು. ಗಡ್ಡೆಯ ಜೀವಕೋಶಗಳಿಂದ ವೈರಸ್ಸಿನ ಪ್ರೋಟೀನನ್ನು ಹೊರತೆಗೆದರೆ ಅದಕ್ಕೆ ಅಂಟಿಕೊಂಡು ಇನ್ನೊಂದು ಪ್ರೋಟೀನೂ ಬರುತ್ತಿತ್ತು. ಅದು ವೈರಸ್ಸಿನದಲ್ಲ, ಜೀವಕೋಶದ್ದೇ. ಅದೇ ವರ್ಷ ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ಆರ್ನಾಲ್ಡ್ ಲೆವಿನ್ ಅವರ ತಂಡಕ್ಕೂ ಅದು ಸಿಕ್ಕಿತು. ಅದರ ತೂಕ ಹೈಡ್ರೋಜನ್ ಪರಮಾಣುವಿನ ಸುಮಾರು 53,000 ಪಟ್ಟು ಎಂದು ತೋರಿದ್ದರಿಂದ ಪಿ-53 ಎಂಬ ಹೆಸರು ಬಂತು. ಆ ತೂಕವೂ ಸರಿಯಲ್ಲ, ನಿಜವಾದ ತೂಕ ಸುಮಾರು 44,000 ಪಟ್ಟು ಎಂಬುದು ಆಮೇಲೆ ತಿಳಿಯಿತು. ಹೆಸರು ಮಾತ್ರ ಹಾಗೆಯೇ ಉಳಿದುಕೊಂಡಿತು.

ಅನೇಕ ಬಗೆಯ ಗಡ್ಡೆಗಳಲ್ಲಿ ಪಿ-53 ರಾಶಿಯಾಗಿ ಕಾಣಿಸಿತು. 1984ರಲ್ಲಿ ಕೆಲವು ಪ್ರಯೋಗಶಾಲೆಗಳು ಇದರ ಜೀನನ್ನು ಮತ್ತೊಂದು ಕ್ಯಾನ್ಸರ್ ಜೀನಿನ ಜೊತೆ ಇಲಿಯ ಜೀವಕೋಶಗಳಿಗೆ ಸೇರಿಸಿದಾಗ ಅವು ಕ್ಯಾನ್ಸರಿನತ್ತ ತಿರುಗಿದವು. ಇನ್ನೇನು ಸಾಕ್ಷಿ ಬೇಕು? ಪಿ-53 ಕ್ಯಾನ್ಸರ್ ತರುವ ಪ್ರೋಟೀನು ಎಂದು ತೀರ್ಮಾನವಾಯಿತು.

1989ರಲ್ಲಿ ತೀರ್ಪು ತಿರುಗಿತು. ಅಮೆರಿಕದ ಬಾಲ್ಟಿಮೋರಿನಲ್ಲಿ ಬರ್ಟ್ ವೋಗೆಲ್‌ಸ್ಟೈನ್ ಅವರ ತಂಡ ದೊಡ್ಡ ಕರುಳಿನ ಗಡ್ಡೆಗಳನ್ನು ಪರೀಕ್ಷಿಸಿತು. 17ನೆಯ ಜೋಡಿ ವರ್ಣತಂತುಗಳಲ್ಲಿರುವ ಈ ಜೀನಿನ ಒಂದು ಪ್ರತಿ ಕಳೆದುಹೋಗಿತ್ತು, ಉಳಿದ ಪ್ರತಿಯಲ್ಲಿ ದೋಷವಿತ್ತು. ಅದು ಕ್ಯಾನ್ಸರಿನ ಗೆಳೆಯನಾಗಿದ್ದರೆ ಕ್ಯಾನ್ಸರ್ ಅದನ್ನೇಕೆ ಹಾಳುಮಾಡಬೇಕು? ಅದೇ ವರ್ಷ ಲೆವಿನ್ ಅವರ ತಂಡ ದೋಷವಿಲ್ಲದ ಜೀನನ್ನು ಜೀವಕೋಶಗಳಿಗೆ ಸೇರಿಸಿ ನೋಡಿತು. ಅದು ಕ್ಯಾನ್ಸರನ್ನು ತರಲಿಲ್ಲ, ತಡೆಯಿತು! ಹಿಂದಿನ ಪ್ರಯೋಗಗಳಲ್ಲಿ ಬಳಸಿದ್ದ ಪ್ರತಿಗಳೇ ದೋಷಪೂರಿತವಾಗಿದ್ದವು. ಮಂಗಗಳ ವೈರಸ್ಸು ಪಿ-53ಕ್ಕೆ ಅಂಟಿಕೊಂಡದ್ದೂ ಕಾವಲುಗಾರನ ಕೈಕಟ್ಟಿಹಾಕಲು.

ಈ ಕಾವಲುಗಾರನ ಕೆಲಸವೇನು? ಮನುಷ್ಯನ ಒಂದು ಜೀವಕೋಶದ ಕೇಂದ್ರದಲ್ಲಿ ಸುಮಾರು 2 ಮೀಟರ್ ಉದ್ದದ ಡಿ.ಎನ್.ಎ. ಸುತ್ತಿಕೊಂಡಿರುತ್ತದೆ. ಬಿಸಿಲಿನ ಅತಿನೇರಳೆ ಕಿರಣ, ಹೊಗೆ, ನಕಲು ಮಾಡುವಾಗಿನ ತಪ್ಪು ಹೀಗೆ ನಾನಾ ಕಾರಣಗಳಿಂದ ಅದಕ್ಕೆ ದಿನವೂ ಪೆಟ್ಟು ಬೀಳುತ್ತಿರುತ್ತದೆ. ಸಾಮಾನ್ಯ ದಿನಗಳಲ್ಲಿ ಜೀವಕೋಶ ಪಿ-53ನ್ನು ತಯಾರಿಸುತ್ತಲೇ ಇರುತ್ತದೆ, ಎಂ.ಡಿ.ಎಂ.-2 ಎಂಬ ಇನ್ನೊಂದು ಪ್ರೋಟೀನು ಅದನ್ನು ನಾಶಮಾಡಿಸುತ್ತಲೇ ಇರುತ್ತದೆ. ಡಿ.ಎನ್.ಎ. ತುಂಡಾಯಿತೆಂದರೆ ಪಿ-53ರ ಮೇಲೆ ಫಾಸ್ಫೇಟಿನ ಗುರುತು ಬೀಳುತ್ತದೆ. ಆಗ ಅದು ಎಂ.ಡಿ.ಎಂ.-2ರ ಹಿಡಿತದಿಂದ ತಪ್ಪಿಸಿಕೊಂಡು ಕೋಶಕೇಂದ್ರದಲ್ಲಿ ಹೆಚ್ಚತೊಡಗುತ್ತದೆ.

ಹೀಗೆ ಹೆಚ್ಚಿದ ಪಿ-53 ಅಣುಗಳು ನಾಲ್ಕು ನಾಲ್ಕಾಗಿ ಸೇರಿ, ಡಿ.ಎನ್.ಎ.ಯ ಗೊತ್ತಾದ ಜಾಗಗಳನ್ನು ಹಿಡಿದುಕೊಂಡು ಅಲ್ಲಿನ ಜೀನುಗಳನ್ನು ಎಚ್ಚರಿಸುತ್ತವೆ. ಒಂದು ಜೀನು ಎಚ್ಚೆತ್ತರೆ ಪಿ-21 ಎಂಬ ಪ್ರೋಟೀನು ತಯಾರಾಗಿ ಕೋಶವಿಭಜನೆ ನಿಲ್ಲುತ್ತದೆ, ದುರಸ್ತಿಗೆ ಸಮಯ ಸಿಗುತ್ತದೆ. ದುರಸ್ತಿಯಾಗದಷ್ಟು ಹಾನಿಯಾಗಿದ್ದರೆ ಬೇರೆ ಜೀನುಗಳು ಎಚ್ಚೆತ್ತು ಆ ಜೀವಕೋಶ ತಾನಾಗಿ ಸಾಯುವಂತೆ ಮಾಡುತ್ತವೆ. ಒಂದು ಕೋಶ ಹೋದರೂ ದೇಹ ಉಳಿಯಲಿ ಎಂಬುದು ಲೆಕ್ಕ. 1992ರಲ್ಲಿ ಡೇವಿಡ್ ಲೇನ್ ಅವರೇ ಇದನ್ನು ‘ಜೀನೋಮಿನ ಕಾವಲುಗಾರ’ ಎಂದು ಕರೆದರು.

ನಾಲ್ವರು ಹೊತ್ತ ಪಲ್ಲಕ್ಕಿಯಲ್ಲಿ ಒಬ್ಬ ಕುಸಿದರೂ ಪಲ್ಲಕ್ಕಿ ವಾಲುತ್ತದೆ. ದೋಷವುಳ್ಳ ಪಿ-53 ಅಣುಗಳು ಗುಂಪಿನಲ್ಲಿ ಸೇರಿಕೊಂಡು ಒಳ್ಳೆಯವುಗಳ ಕೆಲಸವನ್ನೂ ಕೆಡಿಸುತ್ತವೆ. 1984ರ ಪ್ರಯೋಗಗಳು ದಾರಿ ತಪ್ಪಿಸಿದ್ದು ಹೀಗೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಕಂಡಿತ್ತು. ನಿಜವಾಗಿ ಬೇಲಿ ಮುರಿದಿತ್ತು. ಮನುಷ್ಯರ ಕ್ಯಾನ್ಸರುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಈ ಜೀನು ಕೆಟ್ಟಿರುತ್ತದೆ.

ಬೇಲಿ ಮುರಿಯುವುದು ಎಲ್ಲಿ? 1994ರಲ್ಲಿ ನ್ಯೂಯಾರ್ಕಿನ ವಿಜ್ಞಾನಿಗಳು ಡಿ.ಎನ್.ಎ.ಯನ್ನು ಹಿಡಿದಿರುವ ಪಿ-53ರ ರಚನೆಯನ್ನು ಎಕ್ಸ್-ಕಿರಣಗಳಿಂದ ಕಂಡುಕೊಂಡರು. ಅದರ 393 ಅಮೈನೋ ಆಮ್ಲಗಳ ಸರಪಳಿಯಲ್ಲಿ 248 ಮತ್ತು 273ನೆಯವು ಡಿ.ಎನ್.ಎ.ಯನ್ನು ಮುಟ್ಟುವ ಬೆರಳುಗಳಂತಿವೆ. ಗಡ್ಡೆಗಳಲ್ಲಿ ಪದೇ ಪದೇ ಕೆಟ್ಟಿರುವ ಜಾಗಗಳಲ್ಲಿ ಇವೆರಡೂ ಇವೆ. ತಂಬಾಕಿನ ಹೊಗೆಯಲ್ಲಿರುವ ಬೆಂಜೋಪೈರೀನ್ ದೇಹದೊಳಗೆ ಮಾರ್ಪಟ್ಟು ಈ ಜೀನಿನಲ್ಲಿ ಎಲ್ಲಿ ಅಂಟಿಕೊಳ್ಳುತ್ತದೆ ಎಂದು 1996ರಲ್ಲಿ ಹುಡುಕಿದಾಗ ಹೆಚ್ಚಾಗಿ ಅಂಟಿಕೊಂಡ ಜಾಗಗಳಲ್ಲೂ ಇವೆರಡು ಇದ್ದವು! ಬೀಡಿ, ಸಿಗರೇಟಿನ ಹೊಗೆ ಡಿ.ಎನ್.ಎ.ಯನ್ನು ಕೆಡಿಸುವುದಷ್ಟೇ ಅಲ್ಲ, ಕೆಟ್ಟದ್ದನ್ನು ಗುರುತಿಸಬೇಕಾದವನ ಬೆರಳನ್ನೇ ಮುರಿಯುತ್ತದೆ.

ಗರ್ಭಕೊರಳಿನ ಕ್ಯಾನ್ಸರಿಗೆ ಕಾರಣವಾಗುವ ಪ್ಯಾಪಿಲೋಮಾ ವೈರಸ್ಸಿನ ಉಪಾಯವೇ ಬೇರೆ. ಅದರ ಇ-6 ಎಂಬ ಪ್ರೋಟೀನು ಜೀವಕೋಶದ ಒಳ್ಳೆಯ ಪಿ-53ನ್ನೇ ನಾಶಮಾಡಿಸುತ್ತದೆ. ಈ ವೈರಸ್ಸನ್ನು ತಡೆಯುವ ಲಸಿಕೆ 2006ರಿಂದ ಬಳಕೆಯಲ್ಲಿದೆ. ಹೆಣ್ಣುಮಕ್ಕಳಿಗೆ 9ರಿಂದ 14ರ ವಯಸ್ಸಿನೊಳಗೆ ಹಾಕಿಸಿದರೆ ಹೆಚ್ಚು ಉಪಯುಕ್ತ.

ಆನೆಯಲ್ಲಿ ಪಿ-53 ಜೀನಿನ ಸುಮಾರು 20 ಜೋಡಿ ಪ್ರತಿಗಳಿವೆ ಎಂದು 2015ರಲ್ಲಿ ವರದಿಯಾಯಿತು. ಅಷ್ಟು ದೊಡ್ಡ ದೇಹವಿದ್ದೂ ಆನೆಗೆ ಕ್ಯಾನ್ಸರ್ ಅಪರೂಪವಾಗಲು ಇದೂ ಒಂದು ಕಾರಣವಿರಬಹುದು. ಮನುಷ್ಯನಿಗೆ ಇರುವುದು ಒಂದೇ ಜೋಡಿ. ಒಂದು ಪ್ರತಿ ತಂದೆಯದು, ಇನ್ನೊಂದು ತಾಯಿಯದು. ಮಗುವಿಗೆ ಇಂಥ ಕಾವಲನ್ನು ಕೊಟ್ಟ ತಂದೆಯೇ ಮನೆಯೊಳಗೆ ಬೀಡಿ ಹಚ್ಚಿದರೆ, ಹೊಗೆ ಹೋಗುವುದು ಆ ಕಾವಲುಗಾರನ ಬಳಿಗೇ.