ಸಂಜೆಯ ಮೇಲೆ ಕಾಫಿ: ಬಿಡಬೇಕೆ, ಬೇಡವೆ?

ಸಫಾರಿಗೆ ಬರುವವರಿಗೆ ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿ ಎಂದರೆ ನಾಗರಹೊಳೆಯ ಬಾಗಿಲು. ಅಲ್ಲಿನ ರೈತರಿಗೆ ಅದೇ ಕಡೆಯಿಂದ ರಾಗಿ, ಜೋಳಕ್ಕೆ ಬರುವ ಆನೆಯೂ ಗೊತ್ತು, ಆಗಸ್ಟ್-ಸೆಪ್ಟೆಂಬರಿನಲ್ಲಿ ಬೆಳಗಿನತನಕ ಉರಿಯುವ, ಹೊಗೆಸೊಪ್ಪು ಒಣಗಿಸುವ ಬ್ಯಾರನ್ನೂ ಗೊತ್ತು. ಎರಡಕ್ಕೂ ನಿದ್ದೆ ಕೆಡಬೇಕು. ನಿದ್ದೆ ಕೆಡಲು ಕಾಫಿ, ಟೀ, ಎಲೆಅಡಿಕೆ, ಬೀಡಿ. ಸಂಜೆಯಾದ ಮೇಲೆ ಇವನ್ನೆಲ್ಲ ಬಿಡಿ ಎಂಬ ವೈದ್ಯರ ಮಾತು ಇಂಥ ಊರಿಗೆ ಒಗ್ಗೀತೆ?

ಪರ

ಊರು ಯಾವುದೆಂದು ಕೆಫೀನ್ ಕೇಳುವುದಿಲ್ಲ. ನಾವು ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಸೇರುತ್ತಾ ಹೋಗುತ್ತದೆ. ಅದು ಹೆಚ್ಚಿದಂತೆ ತೂಕಡಿಕೆ. ಅದು ಕೂರಬೇಕಾದ ಜಾಗದಲ್ಲಿ ಕೆಫೀನ್ ಮೊದಲೇ ಬಂದು ಕೂತುಬಿಡುತ್ತದೆ. ದಣಿವು ಎಲ್ಲೂ ಹೋಗಿರುವುದಿಲ್ಲ, ಅದರ ಸುದ್ದಿ ತಲುಪಿರುವುದಿಲ್ಲ ಅಷ್ಟೆ. ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ಮೈಯಿಂದ ಹೋಗಲು ಹೆಚ್ಚುಕಡಿಮೆ 5 ಗಂಟೆ ಬೇಕು. ಬಸುರಿಯರಲ್ಲಿ, ಅದರಲ್ಲೂ ಕೊನೆಯ ತಿಂಗಳುಗಳಲ್ಲಿ, ಇದು ಎರಡು ಮೂರು ಪಟ್ಟು ಎಳೆಯುತ್ತದೆ. ಹೊಗೆಸೊಪ್ಪಿನ ಹಸಿ ಎಲೆಯನ್ನು ಕಡ್ಡಿಗೆ ಕಟ್ಟುತ್ತಾ ಕತ್ತಲಾಗುವವರೆಗೂ ಕೂರುವ ಹೆಣ್ಣುಮಕ್ಕಳಿಗೆ ಟೀ ಮೇಲೆ ಟೀ ಕೊಡುವವರು ಇದನ್ನು ನೆನಪಿಡಬೇಕು.

2013ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ, ಮಲಗುವ 6 ಗಂಟೆ ಮೊದಲು 400 ಮಿಲಿಗ್ರಾಂ ಕೆಫೀನ್ ತೆಗೆದುಕೊಂಡವರ ನಿದ್ದೆ ಒಂದು ಗಂಟೆಗೂ ಹೆಚ್ಚು ಕಡಿಮೆಯಾಯಿತು. ಅದು ಅವರ ಅರಿವಿಗೇ ಸರಿಯಾಗಿ ಬರಲಿಲ್ಲ. ‘ಕಾಫಿ ಕುಡಿದೇ ಮಲಗುತ್ತೇನೆ, ನನಗೇನೂ ಆಗಲ್ಲ’ ಎನ್ನುವವರ ಸಾಕ್ಷಿಯನ್ನು ಹಾಗಾಗಿ ನಾನು ಒಪ್ಪುವುದಿಲ್ಲ. ಐಸಿಎಂಆರ್ 2024ರಲ್ಲಿ ಹೊರಡಿಸಿದ ಆಹಾರ ಸೂತ್ರಗಳ ಪ್ರಕಾರ ಡಿಕಾಕ್ಷನ್ ಕಾಫಿಯ 150 ಮಿಲಿಲೀಟರಿನಲ್ಲಿ 80ರಿಂದ 120 ಮಿಲಿಗ್ರಾಂ, ಟೀಯಲ್ಲಿ 30ರಿಂದ 65 ಮಿಲಿಗ್ರಾಂ ಕೆಫೀನ್ ಇರುತ್ತದೆ. ದಿನಕ್ಕೆ 300 ಮೀರಬಾರದು. ಪಕ್ಕದ ಕೊಡಗಿನಲ್ಲಿ ಹೆಚ್ಚು ಬೆಳೆಯುವುದು ರೋಬಸ್ಟಾ, ಅದರಲ್ಲಿ ಅರೇಬಿಕಾಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಕೆಫೀನ್. ರಾತ್ರಿ ಒಂದು ಫ್ಲಾಸ್ಕ್ ಖಾಲಿ ಮಾಡಿದರೆ ಲೆಕ್ಕ ಎಲ್ಲಿಗೆ ಹೋಯಿತು, ನೀವೇ ನೋಡಿ.

ವಿರೋಧ

ಲೆಕ್ಕ ಹಾಕುವ ಮೊದಲು ಹುಣಸೂರು ಬಸ್ ನಿಲ್ದಾಣದ ಹೋಟೆಲಿನ ಲೋಟ ನೋಡಿ ಬನ್ನಿ. ಅದು 150 ಮಿಲಿಲೀಟರ್ ಅಲ್ಲ. ಅದರಲ್ಲೂ ನಮ್ಮವರು ಬೈಟು ಮಾಡುತ್ತಾರೆ! ಪುಡಿಯಲ್ಲಿ ಚಿಕೋರಿ ಶೇ 49ರವರೆಗೆ ಇರಲು ಕಾನೂನೇ ಬಿಟ್ಟಿದೆ, ಚಿಕೋರಿಯಲ್ಲಿ ಕೆಫೀನ್ ಇಲ್ಲ. ಪ್ರಯೋಗದ 400 ಮಿಲಿಗ್ರಾಮನ್ನು ತಂದು ಈ ಲೋಟದ ಮೇಲೆ ಹೊರಿಸುವುದು ನ್ಯಾಯವಲ್ಲ.

ಇನ್ನು ಬ್ಯಾರನ್. ಎಲೆ ಮೊದಲು ಹದವಾದ ಶಾಖದಲ್ಲಿ ಹಳದಿಗೆ ತಿರುಗಬೇಕು. ಆಮೇಲೆ ಶಾಖವನ್ನು ಮೆಲ್ಲಗೆ ಏರಿಸುತ್ತಾ, ಕೊನೆಗೆ ದಂಟು ಒಣಗಲು 70 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಒಯ್ಯಬೇಕು. ಒಂದು ಸಲ ತುಂಬಿದ ಬ್ಯಾರನ್ ಇಳಿಸಲು ಐದಾರು ದಿನ ಬೇಕು. ಹಳದಿ ಕೂರುವ ಮೊದಲೇ ಸೌದೆ ಹೆಚ್ಚಾಗಿ ಶಾಖ ಏರಿತೋ, ಎಲೆ ಹಸಿರಾಗಿಯೇ ಉಳಿಯುತ್ತದೆ. ಒಣಗುವಾಗ ತಣಿಯಿತೋ, ಬಣ್ಣ ಕಂದುತ್ತದೆ. ಎರಡೂ ಹರಾಜಿನಲ್ಲಿ ದರ್ಜೆ ಇಳಿಸುತ್ತವೆ. ಥರ್ಮಾಮೀಟರ್ ನೋಡುತ್ತಾ ಒಲೆ ಮುಂದೆ ಕೂತವರಿಗೆ ‘ಆರರ ಮೇಲೆ ಕಾಫಿ ಬೇಡ’ ಎನ್ನುವುದು ಹತ್ತಕ್ಕೆ ಮಲಗುವವರು ಬರೆದ ನಿಯಮ. ಹೊಲ ಕಾಯುವವರ ಮಾತಂತೂ ಬೇರೆಯೇ. ಕಾಡಂಚಿಗೆ ರೈಲು ಕಂಬಿಯ ಬೇಲಿ ಹಾಕಿದ ಮೇಲೂ ಕಾವಲು ತಪ್ಪಿಲ್ಲ. ಅಟ್ಟಣೆಯ ಮೇಲೆ ತೂಕಡಿಸುವವರಿಗೆ ಒಂದು ಲೋಟ ಕಾಫಿಗಿಂತ ದೊಡ್ಡ ಅಪಾಯ ಕೆಳಗೇ ನಿಂತಿರುತ್ತದೆ.

ನಿಜವಾದ ಕಳ್ಳನ ಹೆಸರು ಹೇಳಲು ಮಾತ್ರ ಯಾರೂ ಮುಂದಾಗುವುದಿಲ್ಲ. ಮಳೆಗೋ ಇಬ್ಬನಿಗೋ ನೆನೆದ ಹೊಗೆಸೊಪ್ಪನ್ನು ಬರಿಗೈಯಲ್ಲಿ ಮುರಿದರೆ ನಿಕೋಟಿನ್ ಚರ್ಮದಿಂದಲೇ ಒಳಗಿಳಿಯುತ್ತದೆ. ತಲೆಸುತ್ತು, ವಾಂತಿ ಬರುವುದು ಅದರಿಂದ. ನಿಕೋಟಿನ್ ಕೂಡ ನಿದ್ದೆಗೆಡಿಸುವ ವಸ್ತುವೇ. ಅದರ ಮೇಲೆ ಬೀಡಿ ಸೇದುವವರು ಬೇರೆ. ಬೀಡಿಯ ಹೊಗೆ ಯಕೃತ್ತಿನ ಕೆಲಸವನ್ನು ಚುರುಕು ಮಾಡಿ ಕೆಫೀನನ್ನು ಬೇಗ ಖಾಲಿ ಮಾಡಿಸುತ್ತದೆ, ಹಾಗಾಗಿ ಇನ್ನೊಂದು ಲೋಟ ಬೇಕೆನಿಸುತ್ತದೆ. ಬೀಡಿ ಬಿಟ್ಟವರಿಗೆ ಅಷ್ಟೇ ಕಾಫಿ ರಾತ್ರಿಯೆಲ್ಲ ಕಣ್ಣು ಮುಚ್ಚಗೊಡದಿರುವುದೂ ಇದರಿಂದಲೇ. ಅಡಿಕೆಯಲ್ಲಿರುವ ಅರಿಕೋಲಿನ್ ಸಹ ಚುರುಕು ಹುಟ್ಟಿಸುವಂಥದ್ದು. ಇವಕ್ಕೆಲ್ಲ ಸುಮ್ಮನಿದ್ದು ಕಾಫಿಯೊಂದನ್ನೇ ಕಟಕಟೆಯಲ್ಲಿ ನಿಲ್ಲಿಸುತ್ತೀರಿ.

ಪರ, ಮತ್ತೊಮ್ಮೆ

ಹೊಗೆಸೊಪ್ಪಿನ ಮಾತು ಒಪ್ಪಿದೆ. ಗಡಿಯಾರದ ಆರು ಗಂಟೆಯನ್ನೂ ಬಿಟ್ಟೆ. ಆದರೆ ನಿಮ್ಮವರೂ ಮಲಗಲೇಬೇಕಲ್ಲ, ಬೆಳಗ್ಗೆ ಏಳಕ್ಕೋ ಎಂಟಕ್ಕೋ? ಹಾಗಾದರೆ ಕೆಡುಕು ರಾತ್ರಿ ಒಂಬತ್ತರ ಲೋಟದ್ದಲ್ಲ, ನಸುಕಿನ ನಾಲ್ಕರ ಲೋಟದ್ದು. ಕಾವಲು ಶುರುವಾಗುವಾಗ ಕುಡಿಯಲಿ, ಸರಿರಾತ್ರಿ ಕಳೆದ ಮೇಲೆ ಬಿಸಿ ಗಂಜಿ ಸಾಕು.

ವಿರೋಧ, ಮತ್ತೊಮ್ಮೆ

ಆನೆ ಕಾಡಿಗೆ ವಾಪಸಾಗುವುದೂ ಅದೇ ನಸುಕಿನಲ್ಲಿ, ಹೋಗುವ ದಾರಿಯಲ್ಲಿ ಯಾರ ಹೊಲ ಇದ್ದರೂ ಸರಿ. ಆ ಲೋಟ ಬಿಡಿಸಬೇಕೆಂದರೆ ಒಂಟಿಯಾಗಿ ಕಾಯುವುದನ್ನು ಮೊದಲು ತಪ್ಪಿಸಿ. ಅಕ್ಕಪಕ್ಕದ ಹೊಲದವರು ಸೇರಿ ಪಾಳಿ ಹಾಕಿಕೊಂಡರೆ ಅರ್ಧ ರಾತ್ರಿಗೆ ಒಬ್ಬರಾದರೂ ಮನೆಗೆ ಹೋಗಿ ಮಲಗಬಹುದು. ಆಗ ಕಾಫಿಯ ಮಾತಾಡೋಣ.