ಡಬ್ಬಿ ಹೇಳುತ್ತೆ ‘ನಾನು ಔಷಧಿಯಲ್ಲ’ ಅಂತ. ಕನ್ನಡದಲ್ಲಿ ಹೇಳೋರು ಯಾರು?

ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಸಂಜೆ ಆರರ ಹೊತ್ತಿಗೆ ಕುಣಿಗಲ್ ಬಸ್ಸು ಹತ್ತುವವರ ಕೈಚೀಲ ನೋಡಿ. ಹೂವು, ಬಾಳೆಹಣ್ಣು, ಮಕ್ಕಳಿಗೆ ಬನ್ನು. ಇವುಗಳ ಜೊತೆಗೆ ಈಗ ಇನ್ನೊಂದು ಸೇರಿಕೊಂಡಿದೆ. ಮೆಡಿಕಲ್ ಸ್ಟೋರಿನ ಕವರಿನಲ್ಲಿ ಒಂದು ಬಣ್ಣದ ಡಬ್ಬಿ. ‘ಏನಮ್ಮಾ ಇದು?’ ಅಂದರೆ, ‘ಸುಸ್ತಿಗೆ ಶಕ್ತಿ ಮಾತ್ರೆ ಕಣಪ್ಪಾ, ಅಂಗಡಿಯೋರೇ ಕೊಟ್ರು’ ಅಂತ ಉತ್ತರ. ಡಾಕ್ಟರ ಚೀಟಿ? ಇಲ್ಲ. ರಕ್ತ ಪರೀಕ್ಷೆ? ಅದೂ ಇಲ್ಲ. ಬೆಲೆ? ಒಂದು ದಿನದ ಕೂಲಿ.

ಡಬ್ಬಿ ಇಸ್ಕೊಂಡು ಹಿಂದುಮುಂದು ನೋಡಿದರೆ ಇಂಗ್ಲಿಷಿನಲ್ಲಿ ಒಂದು ಸಾಲು ಕಾಣುತ್ತದೆ: ‘ನಾಟ್ ಫಾರ್ ಮೆಡಿಸಿನಲ್ ಯೂಸ್’. ಔಷಧಿಯಾಗಿ ಬಳಸತಕ್ಕದ್ದಲ್ಲ ಎಂದರ್ಥ. ಔಷಧಿ ಅಂಗಡಿಯಲ್ಲಿ, ಔಷಧಿ ಅಂತಲೇ ನಂಬಿ ಕೊಂಡ ವಸ್ತು ತಾನೇ ಬಾಯಿಬಿಟ್ಟು ‘ನಾನು ಔಷಧಿಯಲ್ಲ’ ಅನ್ನುತ್ತಿದೆ. ಆದರೆ ಆ ತಾಯಿಗೆ ಇಂಗ್ಲಿಷ್ ಬಾರದು.

ಇವತ್ತಿನ ಮಾತು ಇದೇ.

ಎರಡು ಕಾನೂನು, ಒಂದೇ ಕೌಂಟರ್

ನೋಡಲು ಒಂದೇ ಥರ ಇರುವ ಎರಡು ಮಾತ್ರೆಗಳು ಎರಡು ಬೇರೆ ಕಾನೂನಿನ ಮಕ್ಕಳು. ಔಷಧಿ ಅನ್ನುವುದು 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಗೆ ಸೇರಿದ್ದು. ಮೆಡಿಕಲ್ ಸ್ಟೋರಿಗೆ ಲೈಸೆನ್ಸ್ ಬೇಕು, ಚೀಟಿ ಔಷಧಿ ಕೊಡಲು ಫಾರ್ಮಸಿಸ್ಟ್ ಇರಬೇಕು. ಶಕ್ತಿ ಮಾತ್ರೆ, ಪ್ರೋಟೀನ್ ಪುಡಿ ಮುಂತಾದ ‘ಹೆಲ್ತ್ ಸಪ್ಲಿಮೆಂಟ್’ಗಳು 2006ರ ಆಹಾರ ಸುರಕ್ಷತೆ ಕಾಯ್ದೆಗೆ ಸೇರಿದವು. ಕಾನೂನಿನ ಕಣ್ಣಿಗೆ ಅವು ಆಹಾರ. ಬಿಸ್ಕತ್ತು, ಅವಲಕ್ಕಿಯ ಸಾಲಿನವು. ಇವನ್ನು ಮಾರಲು ಫಾರ್ಮಸಿಸ್ಟ್ ಬೇಕಿಲ್ಲ, ದಿನಸಿ ಅಂಗಡಿಯವರೂ ಮಾರಬಹುದು.

ಈ ಆಹಾರ ಮಾತ್ರೆಗಳಿಗೆ ಎಫ್‌ಎಸ್‌ಎಸ್‌ಎಐ 2016ರಲ್ಲಿ ನಿಯಮ ಮಾಡಿತು, 2022ರಲ್ಲಿ ಅದನ್ನು ಪರಿಷ್ಕರಿಸಿತು. ಡಬ್ಬಿ ಮೇಲೆ ‘ಹೆಲ್ತ್ ಸಪ್ಲಿಮೆಂಟ್’ ಅಂತ ಬರೆಯಬೇಕು, ಔಷಧಿಯಲ್ಲ ಅಂತಲೂ ಬರೆಯಬೇಕು. ಇಂಥ ರೋಗ ವಾಸಿಮಾಡುತ್ತದೆ ಅಂತ ಹೇಳಕೂಡದು. ಸುಳ್ಳು ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡವಿದೆ.

ಆದರೆ ಆಹಾರದ ಲೇಬಲ್ಲು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇದ್ದರೆ ಸಾಕು ಅನ್ನುತ್ತದೆ ಕೇಂದ್ರದ ನಿಯಮ. ರಾಜ್ಯದಲ್ಲೇ ತಯಾರಾಗಿ ಇಲ್ಲೇ ಮಾರುವ ಸರಕಿನ ಮೇಲೆ ಕನ್ನಡವೂ ಇರಬೇಕು ಅಂತ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ ಹೇಳುತ್ತದೆ, ನಿಜ. ಹೊರರಾಜ್ಯದಿಂದ ಬಂದ ಡಬ್ಬಿಗೆ ಅದು ತಾಗುವುದಿಲ್ಲ. ಹೀಗಾಗಿ ಗುಬ್ಬಿಯ ರೈತನಿಗೆ ಓದಲೇಬೇಕಾದ ಎಚ್ಚರಿಕೆ ಅವನಿಗೆ ಓದಲು ಬಾರದ ಭಾಷೆಯಲ್ಲಿ ಕೂತಿದೆ.

ಬೆಲೆಗೆ ಮೂಗುದಾರವಿಲ್ಲ

ಇನ್ನು ವ್ಯಾಪಾರದ ಒಳಗುಟ್ಟು. ಅಂಗಡಿಯವರು ಸಿಟ್ಟಾಗಬಾರದು, ಅವರ ಕಷ್ಟವೂ ಇದರಲ್ಲಿದೆ. 2013ರ ಔಷಧ ಬೆಲೆ ನಿಯಂತ್ರಣ ಆದೇಶದ ಪ್ರಕಾರ ಪಟ್ಟಿಯಲ್ಲಿರುವ ಅಗತ್ಯ ಔಷಧಿಗಳ ಗರಿಷ್ಠ ಬೆಲೆಯನ್ನು ಸರ್ಕಾರವೇ ಗೊತ್ತುಮಾಡುತ್ತದೆ. ಆ ಲೆಕ್ಕದಲ್ಲಿ ಚಿಲ್ಲರೆ ಅಂಗಡಿಗೆ ಹಿಡಿದಿರುವ ಪಾಲು ಶೇ. 16. ಪಟ್ಟಿಯಲ್ಲಿಲ್ಲದ ಔಷಧಿಯ ಎಂಆರ್‌ಪಿಯನ್ನೂ ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸುವಂತಿಲ್ಲ. ಆಹಾರ ಅನ್ನಿಸಿಕೊಂಡ ಮಾತ್ರೆಗೆ ಈ ಮೂಗುದಾರ ಒಂದೂ ಇಲ್ಲ. ಕಂಪನಿ ಬರೆದದ್ದೇ ಬೆಲೆ. ಐನೂರು ಅಂತ ಅಚ್ಚುಹಾಕಿ ನಾನೂರಕ್ಕೆ ಕೊಟ್ಟರೆ ಗಿರಾಕಿಗೂ ಖುಷಿ, ಅಂಗಡಿಗೂ ಲಾಭ.

ಬಿ.ಹೆಚ್. ರಸ್ತೆ, ಎಂ.ಜಿ. ರಸ್ತೆ ಕಡೆ ರಿಯಾಯಿತಿ ಬೋರ್ಡು ನೇತುಹಾಕಿದ ದೊಡ್ಡ ಕಂಪನಿ ಅಂಗಡಿಗಳಿವೆ, ಮೇಲೆ ಮೊಬೈಲಿನಲ್ಲಿ ತರಿಸಿಕೊಳ್ಳುವ ಗಿರಾಕಿ ಬೇರೆ. ಬಿಪಿ, ಶುಗರ್ ಮಾತ್ರೆಯಲ್ಲಿ ರಿಯಾಯಿತಿ ಕೊಟ್ಟು ಕೊಟ್ಟು ಸಣ್ಣ ಅಂಗಡಿಯವನಿಗೆ ಉಳಿಯೋದೇನು? ಅದಕ್ಕೇ ಡಬ್ಬಿ ಸಾಲು ಮುಂದಕ್ಕೆ ಬರುತ್ತದೆ, ಚೀಟಿ ಔಷಧಿ ಹಿಂದಿನ ಗೂಡಿಗೆ ಸರಿಯುತ್ತದೆ. ಬಾಡಿಗೆ ಕಟ್ಟಬೇಕಾದವನನ್ನು ಕಳ್ಳ ಅನ್ನುವುದು ನ್ಯಾಯವಲ್ಲ. ಆದರೆ ‘ಸುಸ್ತು’ ಅಂತ ಬಂದ ಹೆಂಗಸಿಗೆ ಡಬ್ಬಿ ಕೊಟ್ಟು ಕಳಿಸುವುದೂ ನ್ಯಾಯವಲ್ಲ.

ಯಾಕೆಂದರೆ ಸುಸ್ತು ಕಾಯಿಲೆಯಲ್ಲ, ಕಾಯಿಲೆಯ ಕರೆಗಂಟೆ. ಅದರ ಹಿಂದೆ ರಕ್ತಹೀನತೆ ಇರಬಹುದು, ಶುಗರ್ ಇರಬಹುದು, ಥೈರಾಯ್ಡ್ ಇರಬಹುದು, ಕ್ಷಯವೂ ಇರಬಹುದು. ಮೂರು ತಿಂಗಳು ಡಬ್ಬಿ ನಂಬಿ ಕೂತರೆ ಹಣದ ಜೊತೆಗೆ ಆ ಮೂರು ತಿಂಗಳೂ ಹೋಯಿತು. ಹಣ ಮತ್ತೆ ದುಡಿಯಬಹುದು, ಸ್ವಾಮೀ. ತಿಂಗಳು ವಾಪಸ್ ಬರೋಲ್ಲ.

‘ತಿಂದರೆ ನಷ್ಟವೇನು?’

ಹೀಗೆ ಕೇಳುವವರು ಬಹಳ. ಬಿ ಮತ್ತು ಸಿ ವಿಟಮಿನ್ ಹೆಚ್ಚಾದರೆ ಬಹುಪಾಲು ಮೂತ್ರದಲ್ಲಿ ಹೋಗುತ್ತದೆ, ಕಾಸೂ ಅದರೊಂದಿಗೆ ಹೋಯಿತು ಅಂದುಕೊಳ್ಳಿ. ಎ ಮತ್ತು ಡಿ ಹಾಗಲ್ಲ, ಮೈಯಲ್ಲೇ ಕೂಡಿಕೊಳ್ಳುತ್ತವೆ. ಡಿ ಮಿತಿಮೀರಿದರೆ ರಕ್ತದಲ್ಲಿ ಸುಣ್ಣದ ಅಂಶ ಏರಿ ಕಿಡ್ನಿಗೆ ಪೆಟ್ಟು. ಥೈರಾಯ್ಡ್ ಮಾತ್ರೆ ನುಂಗುವವರು ಕಬ್ಬಿಣದ ಅಥವಾ ಕ್ಯಾಲ್ಸಿಯಂ ಮಾತ್ರೆಯನ್ನು ಜೊತೆಗೇ ನುಂಗಿದರೆ ಥೈರಾಯ್ಡ್ ಮಾತ್ರೆ ಸರಿಯಾಗಿ ಹತ್ತುವುದಿಲ್ಲ, ನಾಲ್ಕು ಗಂಟೆ ಅಂತರ ಬೇಕು.

ಹಾಗಂತ ವಿಟಮಿನ್ ಬೇಡವೇ ಬೇಡ ಅಂತಲ್ಲ. ಶುಗರಿಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಬಿ12 ಕಮ್ಮಿಯಾಗುವುದುಂಟು. ಅಂಥವರಿಗೆ ಮಾತ್ರೆ ಬೇಕು, ಪರೀಕ್ಷೆ ಮಾಡಿಸಿ, ಡಾಕ್ಟರ ಮಾತಿನ ಮೇಲೆ.

ಜಿಮ್ ಹುಡುಗರಿಗೂ ಒಂದು ಮಾತು. ಮೈಕಟ್ಟಿಗಾಗಿ ಪ್ರೋಟೀನ್ ಪುಡಿ ಬೇಡ ಅಂತ 2024ರ ಮೇ ತಿಂಗಳಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯೇ ಹೇಳಿದೆ. ಅದೇ ವರ್ಷ ಏಪ್ರಿಲ್‌ನಲ್ಲಿ, ಬೋರ್ನ್‌ವಿಟಾ ಮುಂತಾದವನ್ನು ‘ಹೆಲ್ತ್ ಡ್ರಿಂಕ್’ ಅಂತ ಮಾರಬೇಡಿ ಎಂದು ಕೇಂದ್ರ ವಾಣಿಜ್ಯ ಸಚಿವಾಲಯ ಆನ್‌ಲೈನ್ ಅಂಗಡಿಗಳಿಗೆ ತಾಕೀತು ಮಾಡಿತು. ಕಾನೂನಿನಲ್ಲಿ ಆ ಹೆಸರೇ ಇಲ್ಲ!

ಪುಕ್ಕಟೆ ಮಾತ್ರೆ ಕೇಳೋರಿಲ್ಲ

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ. ಬಸ್ಸಿನಲ್ಲಿ ಕೂತ ಇಬ್ಬರಲ್ಲಿ ಹೆಚ್ಚುಕಮ್ಮಿ ಒಬ್ಬರು. ಇದಕ್ಕೆ ಬೇಕಾದ ಕಬ್ಬಿಣದ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಗರ್ಭಿಣಿಯರಿಗೆ ಕೆಂಪು ಮಾತ್ರೆ 180 ದಿನ, ಶಾಲೆಯ ದೊಡ್ಡ ಮಕ್ಕಳಿಗೆ ವಾರಕ್ಕೊಂದು ನೀಲಿ ಮಾತ್ರೆ. ಹೊಟ್ಟೆ ಕಟ್ಟುತ್ತೆ, ಮಲ ಕಪ್ಪಾಗುತ್ತೆ ಅಂತ ಬೀರುವಿನಲ್ಲಿಟ್ಟು ಮರೆಯುವವರುಂಟು. ಊಟವಾದ ಮೇಲೆ ನುಂಗಿ, ಟೀ ಜೊತೆ ಬೇಡ, ನಿಂಬೆಹುಳಿ ಇದ್ದರೆ ಒಳ್ಳೆಯದು ಅಂತ ಆಶಾ ಕಾರ್ಯಕರ್ತೆಯರನ್ನು ಕೇಳಿದರೆ ಹೇಳುತ್ತಾರೆ.

ನಮ್ಮ ಜಿಲ್ಲೆಯ ಊಟವನ್ನೂ ಮರೆಯಬೇಡಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಒಂದು ಕೋಳಿಮೊಟ್ಟೆಯಲ್ಲಿ 6 ಗ್ರಾಂ ಪ್ರೋಟೀನ್. ಹುರುಳಿಸಾರು, ಅವರೆಕಾಳು, ಸೊಪ್ಪು ಇದ್ದ ತಟ್ಟೆ ಡಬ್ಬಿಗೆ ಸುಲಭವಾಗಿ ಸೋಲುವಂಥದ್ದಲ್ಲ.

ಮಾಡಬೇಕಾದ್ದು ಸಣ್ಣದು

ಕೊಳ್ಳುವವರು ಕೇಳಲಿ: ‘ಇದು ಔಷಧಿಯಾ, ಆಹಾರವಾ?’ ಎಫ್‌ಎಸ್‌ಎಸ್‌ಎಐ ಗುರುತು ಮತ್ತು 14 ಅಂಕಿಯ ನಂಬರಿದ್ದರೆ ಅದು ಆಹಾರ. ಬಿಲ್ಲು ಇಸ್ಕೊಳ್ಳಿ. ಮೋಸ ಅನ್ನಿಸಿದರೆ ಗ್ರಾಹಕ ಸಹಾಯವಾಣಿ 1915 ಇದೆ.

ಅಂಗಡಿಯವರು ಈ ಡಬ್ಬಿಗಳನ್ನು ಬೇರೆ ಗೂಡಿನಲ್ಲಿಟ್ಟು ಮೇಲೊಂದು ಬೋರ್ಡು ಹಾಕಲಿ: ‘ಇವು ಪೂರಕ ಆಹಾರ, ಔಷಧಿಯಲ್ಲ’. ಒಂದು ರಟ್ಟು, ಒಂದು ಸ್ಕೆಚ್ ಪೆನ್ನು ಸಾಕು. ಹೀಗೆ ಹೇಳಿದ ಅಂಗಡಿಗೆ ಒಂದು ಡಬ್ಬಿ ಕಮ್ಮಿ ಖರ್ಚಾಗಬಹುದು, ಗಿರಾಕಿ ಮಾತ್ರ ಹತ್ತು ವರ್ಷ ಬಿಟ್ಟುಹೋಗೋಲ್ಲ.

ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗಳು ತುಮಕೂರು, ಗುಬ್ಬಿ, ಕುಣಿಗಲ್ ಮೂರು ಕಡೆಯೂ ಒಂದು ಸುತ್ತು ಹಾಕಿ ಈ ಬೋರ್ಡು ಹಾಕಿಸಲಿ. ಕನ್ನಡದಲ್ಲಿ ಒಂದು ಸಾಲು ಬರೆಸಲು ದೆಹಲಿಯ ಅಪ್ಪಣೆ ಬೇಕಿಲ್ಲ.