ಇಂಬಳದ ವಿದ್ಯೆ

ಮಳೆಗಾಲದಲ್ಲಿ ಹೊರನಾಡಿನ ಕಾಫಿ ತೋಟಗಳನ್ನು ಹೊಕ್ಕವರಿಗೆ ಇಂಬಳದ ಪರಿಚಯವಾಗದಿರದು. ಅದು ಕಚ್ಚಿದ್ದು ತಿಳಿಯುವುದೇ ಅಪರೂಪ. ಕುಡಿದು ಉದುರಿದ ಮೇಲೆ, ಕಾಲಿನಲ್ಲಿ ಹರಿಯುವ ನೆತ್ತರನ್ನು ಕಂಡಾಗ ಅರಿವು ಮೂಡುತ್ತದೆ.

ಇದೇ ವಿದ್ಯೆಯನ್ನು ಎಲೆಯಾಟಕ್ಕೆ ತಂದವನು ಅಮೆರಿಕದ ರಿಚರ್ಡ್ ಗಾರ್‌ಫೀಲ್ಡ್. 1994ರಲ್ಲಿ ಬೇರೊಂದು ಹೆಸರಿನಿಂದ ಹೊರಬಂದ ಅವನ ಆಟ, 1995ರಲ್ಲಿ ‘ವ್ಯಾಂಪೈರ್: ದಿ ಎಟರ್ನಲ್ ಸ್ಟ್ರಗಲ್’ ಎನಿಸಿತು. ಆಟಗಾರನ ಕೈಯಾಳುಗಳು ರಕ್ತಪಿಶಾಚಿಗಳು. ಎಡಕ್ಕೆ ಕುಳಿತವನೇ ಅವನ ಬೇಟೆ. ಪ್ರತಿಯೊಬ್ಬನ ಬಂಡವಾಳ 30 ಅಂಕ. ಅದು ಬರಿದಾದವನು ಆಟದಿಂದ ಹೊರಗೆ.

ನೆತ್ತರು ಹೀರಲು ಹೊರಟ ಪಿಶಾಚಿಯನ್ನು ಎದುರಾಳಿಯ ಪಿಶಾಚಿ ತಡೆಯಬಹುದು. ತಡೆಯುವವನ ಎಚ್ಚರವು ಹೊರಟವನ ಗೌಪ್ಯಕ್ಕೆ ಸಮನಾದರೂ ದಾರಿ ಕಟ್ಟಿತು. ಗೌಪ್ಯವು ಒಂದಂಶವಾದರೂ ಮಿಗಿಲಾಗಬೇಕು.

ಹಾಗೆಂದು ಗೌಪ್ಯದ ಎಲೆಗಳನ್ನೇ ಕೂಡಿಡುವುದು ಹೊಸಬರ ಭ್ರಮೆ. ಅವನ್ನು ಮುಂಚಿತವಾಗಿ ಇಳಿಸುವಂತಿಲ್ಲ. ತಡೆಯು ಫಲಿಸುವಂತಿದ್ದಾಗ ಮಾತ್ರ ಇಳಿಸಬೇಕು. ಕೈಯಲ್ಲಿರುವುದು ಸಾಮಾನ್ಯವಾಗಿ 7 ಎಲೆ. ಒಂದು ಕಳೆದರಷ್ಟೇ ಇನ್ನೊಂದು ಬರುವುದು. ತಡೆಯುವವರೇ ಇಲ್ಲದಿದ್ದರೆ ಆ ಎಲೆಗಳು ಕೈಗೆ ಭಾರವಾಗಿ, ಕಚ್ಚುವ ಎಲೆಗೆ ಎಡೆಯೇ ಉಳಿಯದು. ಅಡಗುವುದನ್ನಷ್ಟೇ ಬಲ್ಲ ಇಂಬಳ ಹಸಿದೇ ಸಾಯುತ್ತದೆ.

ಆದುದರಿಂದ ಜಾಣನು ಮೊದಲು ಎದುರಾಳಿಯ ಎಚ್ಚರವನ್ನು ಅಳೆಯುತ್ತಾನೆ. ಮರೆಯನ್ನು ಅದಕ್ಕೆ ಬೇಕಾದಷ್ಟೇ ಇರಿಸಿಕೊಂಡು, ಉಳಿದ ಕೈಯನ್ನು ಹಲ್ಲಿಗೆ ಮೀಸಲಿಡುತ್ತಾನೆ.